ಮೇಲಕ್ಕೆ ನೀರು, ಕೆಳಕ್ಕೆ ಸಕ್ಕರೆ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)



ನಮ್ಮ ವಾಗ್ಳೆ ಎಸ್ಟೇಟಿನ ರಸ್ತೆಬದಿಯ ಮರಗಳ ಬಗ್ಗೆ ಎರಡು ಮಾತು ಹೇಳಲು ನಿಂತಿದ್ದೇನೆ. ಹಬ್ಬ ಬಂದರೆ ದೀಪದ ಸರಕ್ಕೆಂದು ಮರದ ಕಾಂಡಕ್ಕೆ ತಂತಿ ಬಿಗಿಯುತ್ತೇವೆ. ಹಬ್ಬ ಮುಗಿದ ಮೇಲೆ ದೀಪ ಇಳಿಯುತ್ತದೆ, ತಂತಿ ಅಲ್ಲೇ ಉಳಿಯುತ್ತದೆ. ಕೇಳಿದರೆ, "ಮರ ಹಸಿರಾಗೇ ಇದೆಯಲ್ಲ?" ಎನ್ನುತ್ತಾರೆ. ನಾವು ಮೋಸ ಹೋಗುವುದು ಆ ಹಸಿರಿಗೇ.

ಮರದೊಳಗೆ ಎರಡು ದಾರಿಗಳಿವೆ. ನೀರು ಬೇರಿನಿಂದ ಎಲೆಗೆ ಏರುವುದು ಕಟ್ಟಿಗೆಯೊಳಗಿನ ಸೂಕ್ಷ್ಮ ನಳಿಕೆಗಳಲ್ಲಿ. ಇದು ಕ್ಸೈಲೆಮ್. ಪಂಪು ಗಿಂಪು ಏನೂ ಇಲ್ಲ. ಎಲೆಯಿಂದ ನೀರು ಆವಿಯಾದಂತೆ ಕೆಳಗಿನ ನೀರು ಕೊಂಡಿ ಕಳಚದೆ ಮೇಲೆಳೆಯಲ್ಪಡುತ್ತದೆ ಎಂದು 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜಾಲಿ ವಿವರಿಸಿದರು. ಎಲೆಯಲ್ಲಿ ತಯಾರಾದ ಸಕ್ಕರೆಯ ದಾರಿ ಫ್ಲೋಯೆಮ್. ಅದು ತೊಗಟೆಯ ಒಳಮೈಯಲ್ಲೇ ಇರುವ ತೆಳು ಪದರ. ಸಕ್ಕರೆ ತುಂಬಿದ ಕಡೆ ನೀರು ನುಗ್ಗಿ ಒತ್ತಡ ಏರುತ್ತದೆ; ಆ ಒತ್ತಡಕ್ಕೆ ರಸ ಬೇರಿಗೆ, ಕಾಯಿಗೆ, ಚಿಗುರಿಗೆ ಹರಿಯುತ್ತದೆ. ಇದನ್ನು 1930ರಲ್ಲಿ ಹೇಳಿದವರು ಜರ್ಮನಿಯ ಮುಂಶ್. ವೇಗ ಗಂಟೆಗೆ ಸುಮಾರು 1 ಮೀಟರ್.

ನೋಡಬೇಕೆಂದರೆ ನಿಮ್ಮ ಬಾಲ್ಕನಿಯ ದಾಸವಾಳ ಸಾಕು. ಬಿಳಿ ಹಿಟ್ಟು ತಿಗಣೆ ಹತ್ತಿದ ಕಡೆ ಇರುವೆ ಸಾಲು ಇರುತ್ತದೆ. ತಿಗಣೆ ಸೊಂಡಿಲು ಚುಚ್ಚಿರುವುದು ಈ ಸಕ್ಕರೆಯ ನಾಳಕ್ಕೇ. ಅದು ಹೀರಿ ಹೊರಬಿಟ್ಟ ಸಿಹಿಗೆ ಇರುವೆ ಬರುತ್ತದೆ. ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಕೂಡ ಇದೇ ರಸ.

ಊರಿನಲ್ಲಿ ದಾಳಿಂಬೆಗೆ ಗೂಟಿ ಕಟ್ಟುವುದನ್ನು ಹಲವರು ನೋಡಿದ್ದೀರಿ. ಕೊಂಬೆಯ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ ಕಟ್ಟುತ್ತಾರೆ. ಕೊಂಬೆ ಬಾಡುವುದಿಲ್ಲ, ಏಕೆಂದರೆ ನೀರಿನ ದಾರಿ ಒಳಗೆ ಕ್ಷೇಮವಾಗಿದೆ. ಕೆಳಗಿಳಿಯಬೇಕಿದ್ದ ಸಕ್ಕರೆ, ಅದರೊಂದಿಗೆ ಬೇರು ಬರಿಸುವ ಹಾರ್ಮೋನು, ಎರಡೂ ಗಾಯದ ಮೇಲಂಚಿನಲ್ಲಿ ನಿಂತು ಅಲ್ಲೇ ಬೇರೊಡೆಯುತ್ತದೆ. ಎಂಥ ಜಾಣತನ ನಮ್ಮ ರೈತರದು!

ಆದರೆ ಅದೇ ಉಂಗುರವನ್ನು ಇಡೀ ಕಾಂಡಕ್ಕೆ ಹಾಕಿದರೆ? ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿಯುತ್ತದೆ. ನೀರು ಏರುತ್ತಲೇ ಇರುವುದರಿಂದ ಎಲೆ ಹಸಿರು. ಕೆಳಗೆ ಬೇರು ಮಾತ್ರ ಉಪವಾಸ. ಕೂಡಿಟ್ಟದ್ದು ಮುಗಿದ ಮೇಲೆ ಬೇರು ಸಾಯುತ್ತದೆ. ಆಮೇಲೆ ನೀರೂ ಇಲ್ಲ. ಅಂಥ ಮರ ಮಳೆಗಾಲದ ಗಾಳಿಗೆ ಯಾರ ತಲೆಯ ಮೇಲಾದರೂ ಬೀಳಬಹುದು. ಬುಡದವರೆಗೆ ಸಿಮೆಂಟು ಹಾಕಿದರೆ ಬೇರಿಗೆ ನೀರು, ಗಾಳಿ ಎರಡೂ ಕಡಿಮೆ. ದೆಹಲಿಯ ಮರಗಳ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು.

ವಟಪೂರ್ಣಿಮೆಗೆ ನಾವು ಸುತ್ತುವ ಹತ್ತಿಯ ನೂಲು ಮಳೆಗೆ ಕೊಳೆತು ಹೋಗುತ್ತದೆ, ಅದರ ಚಿಂತೆ ಬೇಡ. ಪೂಜೆಗೆಂದು ಆಲದ ರೆಂಬೆ ಕಡಿದು ತರಿಸುವುದನ್ನು ಮಾತ್ರ ಬಿಡೋಣ.

ನಿಮ್ಮ ಸೊಸೈಟಿಯ ಗೇಟಿನ ಮುಂದಿನ ಮರವನ್ನು ಒಮ್ಮೆ ಸುತ್ತಿ ನೋಡಿ. ಬರೀ ಕಟ್ಟುತಂತಿಯಾದರೆ ಇಕ್ಕಳದಿಂದ ಕತ್ತರಿಸಿ. ತೊಗಟೆಯೊಳಗೆ ಹೂತಿದ್ದರೆ ಜಗ್ಗಬೇಡಿ, ಮಾಲಿಯನ್ನು ಕರೆಸಿ. ಕರೆಂಟಿನ ತಂತಿ ಮುಟ್ಟಲೇಬೇಡಿ, ಪಾಲಿಕೆಯ ಉದ್ಯಾನ ವಿಭಾಗಕ್ಕೆ ಬರೆದು ಕೊಡಿ. ಅರ್ಜಿಯನ್ನು ಮರಾಠಿಯಲ್ಲಿ ಬರೆಯಲು ನಾನು ಜೊತೆಗಿದ್ದೇನೆ.