ಘಾಟಿಯ ತಿರುವಿನಲ್ಲಿ ನಿಂತ ಕಾರು

(ಬಳಗದ ವಾರ್ಷಿಕ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಕೂಟದಲ್ಲಿ ಸಾಮಾನ್ಯವಾಗಿ ಕಾಡು, ಹೊಳೆ, ಸೊಪ್ಪಿನಬೆಟ್ಟಗಳ ವಿಷಯವಾಗಿ ಮಾತು ನಡೆಯುತ್ತದೆ. ನಾನು ಆರಿಸಿಕೊಂಡಿರುವುದು ನಮ್ಮ ಮನೆಯ ಹಳೆಯ ಕಾರನ್ನು. ಕೆಲವರು ಈಗಲೇ ನಗುತ್ತಿದ್ದೀರಿ. ಆ ಕಾರನ್ನು ಒಮ್ಮೆಯಾದರೂ ತಳ್ಳದವರು ಈ ಸಭೆಯಲ್ಲಿ ಕಡಿಮೆ ಎಂಬುದು ನನಗೂ ಗೊತ್ತು.

ಅದು 2003ರಲ್ಲಿ ನೋಂದಣಿಯಾದ ಪೆಟ್ರೋಲ್ ಕಾರು. 2010ರಲ್ಲಿ ಅಡಿಕೆ ಮಾರಿದ ಹಣದಲ್ಲಿ ಅದನ್ನು ಎರಡನೆಯ ಕೈಯಿಂದ ಕೊಂಡೆ. ಹೊಸದನ್ನು ಕೊಳ್ಳದಿರಲು ಹಣದ ಕೊರತೆಯಷ್ಟೇ ಕಾರಣವಾಗಿರಲಿಲ್ಲ. ಇರುವ ವಸ್ತುವನ್ನು ಪೂರ್ತಿ ಸವೆಸಿದ ಮೇಲೆಯೇ ಇನ್ನೊಂದನ್ನು ಬಯಸಬೇಕೆಂದು ಇದೇ ವೇದಿಕೆಯಲ್ಲಿ ಭಾಷಣ ಮಾಡಿದವನು ನಾನು. ಆ ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಕಳೆದೆ.

ಮೊದಲು ಕೈಕೊಟ್ಟದ್ದು ಬ್ಯಾಟರಿ, ಆಮೇಲೆ ಸ್ಟಾರ್ಟರ್. ಒಂದು ಮಳೆಗಾಲದಲ್ಲಿ ಇಲಿಗಳು ಬಾನೆಟ್ಟಿನೊಳಗೆ ಸಂಸಾರ ಹೂಡಿ ವೈರುಗಳನ್ನು ಕಡಿದುಹಾಕಿದವು. ಬುಡದ ತಗಡು ತುಕ್ಕು ಹಿಡಿದು, ಹಿಂದಿನ ಸೀಟಿನ ಕಾಲಡಿಯಲ್ಲಿ ರಸ್ತೆ ಕಾಣತೊಡಗಿತು. ಇವೆಲ್ಲ ಸಹಿಸಬಹುದಾದವು. ಸಹಿಸಲಾಗದೆ ಹೋದದ್ದು ಎಂಜಿನ್ ಕಾಯುವ ರೋಗ.

ಈ ರೋಗದಲ್ಲಿ ನನ್ನ ಪಾಲೂ ಇದೆ. ಘಾಟಿ ಹತ್ತುವಾಗ ಕಾರು ಕಾದರೆ ಪಕ್ಕದ ಝರಿಯಿಂದ ನೀರು ತಂದು ರೇಡಿಯೇಟರಿಗೆ ಸುರಿಯುವುದು ನಮ್ಮ ಕಡೆಯ ರೂಢಿ. ಮಳೆಗಾಲದ ಝರಿಯಲ್ಲಿ ನೀರಿನೊಂದಿಗೆ ಕೆಮ್ಮಣ್ಣೂ ಬರುತ್ತದೆ. ಅದು ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು ಮುಂದಿನ ಸಲ ಕಾರು ಇನ್ನೂ ಬೇಗ ಕಾಯುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೆಡೆತು ಬಾಗುತ್ತದೆ, ಬಿರಿಯಲೂಬಹುದು. ನಮ್ಮ ಕಾರಿನ ಹೆಡ್ ಹಾಗೆಯೇ ಬಾಗಿ ಗ್ಯಾಸ್ಕೆಟ್ ಹೋಯಿತು. ಮೆಕ್ಯಾನಿಕ್ ಆಯಿಲ್ ಕಡ್ಡಿಯನ್ನು ಎಳೆದು ತೋರಿಸಿದಾಗ ಎಣ್ಣೆ ನೀರಿನೊಂದಿಗೆ ಬೆರೆತು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಲೇತಿನಲ್ಲಿ ಹೆಡ್ ಸಮ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ ತಂದೆವು. ಎಂಟು ತಿಂಗಳಿಗೆ ಮತ್ತೆ ಅದೇ ಕಥೆ. ಗ್ಯಾರೇಜಿನ ಹುಡುಗನನ್ನು ದೂರಲಾರೆ. ಆತ ಪ್ರತಿಸಲವೂ, "ಸಾರ್, ರೇಡಿಯೇಟರ್ ಬದಲಿಸದೆ ಬೇರೇನು ಬದಲಿಸಿದರೂ ಉಪಯೋಗವಿಲ್ಲ" ಎಂದು ಹೇಳುತ್ತಲೇ ಇದ್ದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಮ್ಮ ಮಾತ್ರ ಒಮ್ಮೆ ಜಗಲಿಯ ಮೇಲೆ ಕುಳಿತೇ ತೀರ್ಪು ಕೊಟ್ಟಳು: "ಅಪ್ಪೀ, ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕು. ಓಡದಿದ್ದರೆ ಬೇಡ, ಹಾಲಾದರೂ ಕೊಟ್ಟೀತೇನೋ ನೋಡೋಣ."

ಇನ್ನು ಹೇಳಬೇಕಾದದ್ದು 2024ರ ಆಗಸ್ಟ್ ತಿಂಗಳ ಒಂದು ಸಂಜೆಯ ಸಂಗತಿ. ಹೃದಯದ ರಕ್ತನಾಳದಲ್ಲಿ ಅಡಚಣೆಯಾಗಿ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಅಮ್ಮನಿಗೆ ಸ್ಟೆಂಟ್ ಅಳವಡಿಸಿದ್ದರು. ಮೂರನೆಯ ದಿನ ಬಿಡುಗಡೆ ಮಾಡಿಸಿಕೊಂಡು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆವು. ಅಲ್ಲಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧದಷ್ಟು ಏರಿರಬೇಕು, ಬಾನೆಟ್ಟಿನಿಂದ ಹಬೆ ಎದ್ದು ಕಾರು ನಿಂತಿತು. ಕೂಲಂಟ್ ಹೋಗುವ ರಬ್ಬರ್ ಕೊಳವೆ ಉದ್ದಕ್ಕೆ ಸೀಳಿತ್ತು. ಮಂಜು ಕವಿದಿತ್ತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನನ್ನಾಕೆ ಅಮ್ಮನಿಗೆ ಶಾಲು ಹೊದೆಸಿ ಕೊಡೆ ಹಿಡಿದು ಕುಳಿತಳು. ಕಾರಿನೊಳಗೂ ಕೊಡೆ ಬೇಕಾಗಿತ್ತು.

ಅಷ್ಟರಲ್ಲಿ ತಡೆಗೋಡೆಯ ಮೇಲಿನಿಂದ ಮಂಗಗಳು ಇಳಿದುಬಂದವು. ಪ್ರವಾಸಿಗರು ತಿನಿಸು ಎಸೆದು ರೂಢಿ ಮಾಡಿದ್ದರಿಂದ ನಿಂತ ವಾಹನವೆಂದರೆ ಅವಕ್ಕೆ ಊಟದ ಗಂಟೆ. ರಸ್ತೆಯ ಗುಳಿಯೊಂದರಲ್ಲಿ ನಮ್ಮ ಕಾರಿನ ಹಸಿರು ದ್ರವ ನಿಂತಿತ್ತು. ತಾಯಿಮಂಗವೊಂದು ಅದರಲ್ಲಿ ಬೆರಳದ್ದಿ ಮೂಸಿ ನೋಡುತ್ತಿತ್ತು.

ಕೂಲಂಟ್ ಎಂದು ನಾವು ಸುರಿಯುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ. ಆದ್ದರಿಂದಲೇ ಪ್ರಾಣಿಗಳು ನೆಕ್ಕುತ್ತವೆ. ಹೊಟ್ಟೆಗೆ ಹೋದ ಮೇಲೆ ಅದು ದೇಹದಲ್ಲಿ ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ನಾಯಿ ಬೆಕ್ಕುಗಳು ಸ್ವಲ್ಪ ಪ್ರಮಾಣಕ್ಕೇ ಸಾಯುತ್ತವೆ. ನಾನು ಕಲ್ಲೆಸೆದು ಮಂಗಗಳನ್ನು ಓಡಿಸಿದೆ. ಹೌದು, ವನ್ಯಜೀವಿ ಸಪ್ತಾಹದಲ್ಲಿ ಮಕ್ಕಳಿಗೆ ಉಪನ್ಯಾಸ ಕೊಡುವ ನಾನೇ. ಆಮೇಲೆ ಅಂಚಿನ ಮಣ್ಣನ್ನು ಬೊಗಸೆಯಲ್ಲಿ ತಂದು ಗುಳಿಗೆ ತುಂಬಿದೆ. ತುಂಬಿದಂತೆಲ್ಲ ಮಳೆನೀರು ಅದನ್ನು ಚರಂಡಿಗೆ ಒಯ್ಯುತ್ತಿತ್ತು, ಚರಂಡಿ ಕಾಡಿನ ಝರಿಗೆ. ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು, ಏನೂ ಹೇಳಲಿಲ್ಲ. ಎರಡೂವರೆ ಗಂಟೆಯ ಮೇಲೆ ಖಾಲಿ ಬರುತ್ತಿದ್ದ ಪಿಕಪ್ ವಾಹನದ ಪುಣ್ಯಾತ್ಮನೊಬ್ಬ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸಿದ.

ಅಂದಿನಿಂದ ನನ್ನ ಹಳೆಯ ಲೆಕ್ಕವನ್ನು ಮತ್ತೆ ತೆಗೆದು ನೋಡಿದ್ದೇನೆ. ವರ್ಷಕ್ಕೆ ನಾವು ಓಡಿಸುವುದು ಸುಮಾರು 3000 ಕಿಲೋಮೀಟರ್, ಲೀಟರಿಗೆ 12ರಂತೆ 250 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋದಂತೆ 575 ಕಿಲೋ ಇಂಗಾಲದ ಡೈಆಕ್ಸೈಡ್. ಹೊಸ ಕಾರು ಇದರಲ್ಲಿ ಕಾಲು ಭಾಗ ಉಳಿಸಿತೆಂದೇ ಇಟ್ಟುಕೊಳ್ಳೋಣ. ಆದರೆ ಅದನ್ನು ತಯಾರಿಸುವಾಗಲೇ ಹಲವು ಟನ್ ಹೊರಬಿದ್ದಿರುತ್ತದೆ. ಇಷ್ಟು ಕಡಿಮೆ ಓಡಾಟದಲ್ಲಿ ಆ ಸಾಲ ತೀರಲು ದಶಕಗಳು ಬೇಕು. ಇಷ್ಟರಮಟ್ಟಿಗೆ ನನ್ನ ಮಾತು ಸುಳ್ಳಲ್ಲ. ಆದರೆ ಈ ಲೆಕ್ಕದಲ್ಲಿ ಗುಳಿಯ ಹಸಿರು ನೀರು ಇಲ್ಲ, ಅಂಗಳದಿಂದ ತೋಟದ ಕಪ್ಪಿಗೆ ಇಳಿದ ಕರಿ ಎಣ್ಣೆ ಇಲ್ಲ, ಮಂಜಿನಲ್ಲಿ ಕುಳಿತ ಅಮ್ಮನೂ ಇಲ್ಲ. ಹಳೆಯದನ್ನು ಉಳಿಸಿಕೊಳ್ಳುವುದು ಒಂದು, ಉಪಚಾರವಿಲ್ಲದೆ ಓಡಿಸುವುದು ಇನ್ನೊಂದು. ನಾನು ಎರಡನೆಯದನ್ನು ಮಾಡಿ ಮೊದಲನೆಯದರ ಹೆಸರಿಟ್ಟುಕೊಂಡಿದ್ದೆ.

ಸರ್ಕಾರದ ಲೆಕ್ಕವೂ ಇದಕ್ಕಿಂತ ನೆಟ್ಟಗಿಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ 2018ರಲ್ಲಿ 600 ರೂಪಾಯಿ ಶುಲ್ಕವಿತ್ತು. 2022ರ ಏಪ್ರಿಲ್‌ನಿಂದ 5000 ಆಯಿತು. ಇಪ್ಪತ್ತು ವರ್ಷ ಮೀರಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಕಾರು ಎಷ್ಟು ಓಡಿದೆ ಎಂಬುದು ಈ ಶುಲ್ಕದಲ್ಲಿ ಗಣನೆಗೇ ಬರುವುದಿಲ್ಲ. ಇತ್ತ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತಂದು ಸಾಧಿಸಿದರು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾರುಗಳ ರಬ್ಬರ್ ಭಾಗಗಳಿಗೆ ಒಗ್ಗುವುದಿಲ್ಲ. ನಮ್ಮ ಕಾರಿನ ಪೆಟ್ರೋಲ್ ಕೊಳವೆಗಳು ಉಬ್ಬಿ ಜಿನುಗಿದ್ದು ಇದರಿಂದಲೋ ವಯಸ್ಸಿನಿಂದಲೋ, ಆಣೆಯಿಟ್ಟು ಹೇಳಲಾರೆ.

ಇಷ್ಟಾಗಿಯೂ ಮೂಲ ಪ್ರಶ್ನೆ ಬೇರೆಯೇ ಇದೆ. ನಮ್ಮ ತಂದೆಯವರು ಕಾರಿಲ್ಲದೆ ಬದುಕಿ ಹೋದರು. ಕೊಪ್ಪದಲ್ಲಿ ಕೆಲಸಗಾರರೇ ಸೇರಿ 1991ರಲ್ಲಿ ಆರಂಭಿಸಿದ ಸಹಕಾರ ಸಾರಿಗೆಯ ಬಸ್ಸುಗಳು ನಮ್ಮ ಮೂಲೆಮೂಲೆಯ ಹಳ್ಳಿಗೂ ಬರುತ್ತಿದ್ದವು. ಶಾಲೆಯ ಮಕ್ಕಳು ಪಾಸು ತೋರಿಸಿ ಹತ್ತುತ್ತಿದ್ದರು. 2020ರ ಆರಂಭದಲ್ಲಿ ನಷ್ಟದಿಂದ ಅದು ನಿಂತುಹೋಯಿತು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು; ಅಮ್ಮ ಸಂತೋಷದಿಂದ ಆಧಾರ್ ಕಾರ್ಡನ್ನು ಚೀಲದಲ್ಲಿಟ್ಟುಕೊಂಡಳು. ನಮ್ಮ ಊರಿಗೆ ಸರ್ಕಾರಿ ಬಸ್ಸೇ ಇಲ್ಲ. ಬೇಲಿಗೊಂದರಂತೆ ಕಾರು ನಿಂತಿರುವುದು ನಮಗೆಲ್ಲ ಐಷಾರಾಮದ ಹುಚ್ಚು ಹಿಡಿದದ್ದರಿಂದಲ್ಲ.

ಆದ್ದರಿಂದ ಎರಡು ಕೆಲಸಗಳಿಗೆ ನಿಮ್ಮ ಸಹಕಾರ ಬೇಡುತ್ತೇನೆ. ನಮ್ಮ ಪೇಟೆಯ ಗ್ಯಾರೇಜುಗಳಲ್ಲಿ ಬಿಚ್ಚಿದ ಎಣ್ಣೆಯನ್ನೂ ಕೂಲಂಟನ್ನೂ ಬೇರೆಬೇರೆ ಡಬ್ಬಗಳಲ್ಲಿ ಹಿಡಿದಿಟ್ಟು, ಪರವಾನಗಿ ಇರುವ ಸಂಗ್ರಾಹಕರಿಗೆ ಒಪ್ಪಿಸಬೇಕು. ಗ್ಯಾರೇಜಿನವರು ಒಪ್ಪಿದ್ದಾರೆ, ಡಬ್ಬ ಮತ್ತು ಸಾಗಾಟದ ಖರ್ಚು ನಮ್ಮದು. ಎರಡನೆಯದು ಬಸ್ಸಿನ ಅರ್ಜಿ. ಬರಿಯ ಸಹಿ ಸಾಲದು. ಯಾವ ಊರಿನಿಂದ, ಯಾವ ದಿನ, ಯಾವ ಹೊತ್ತಿಗೆ, ಎಷ್ಟು ಜನ ಹೊರಡುತ್ತಾರೆಂದು ಬರೆಯಲು ನೋಟ್‌ಬುಕ್ಕನ್ನು ಬಾಗಿಲ ಬಳಿ ಇಟ್ಟಿದ್ದೇನೆ.

ಕಾರಿಗೆ ಕೊನೆಗೂ ಹೊಸ ರೇಡಿಯೇಟರ್ ಹಾಕಿಸಿದ್ದೇನೆ. ಈಗ ಕಾಯುವುದಿಲ್ಲ. ಸ್ಟಾರ್ಟರ್ ಮಾತ್ರ ಇಂದು ಬೆಳಿಗ್ಗೆ ಮತ್ತೆ ಹಟ ಹಿಡಿದಿದೆ. ಮುಂದಾಲೋಚನೆಯಿಂದ ಇಳಿಜಾರಿನಲ್ಲಿಯೇ ನಿಲ್ಲಿಸಿದ್ದೇನೆ. ಊಟವಾದ ಮೇಲೆ ಇಬ್ಬರು ಬಂದರೆ ಸಾಕು.