ಕ್ರಿಪ್ಟೋ ವಿನಿಮಯ ಕೇಂದ್ರಕ್ಕೆ ಇರಬೇಕಾದ ಲಕ್ಷಣಗಳು

(ಅಣ್ಣಾ ನಗರದ ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯದ ಹೆಸರು ಕೇಳಿ ಕೆಲವರು, ಇದು ಹಣವಂತರ ಸಮಾಚಾರ, ನಮಗೇಕೆ ಎಂದುಕೊಂಡಿರಬಹುದು. ಆದರೆ ಈ ವಾಚನಾಲಯಕ್ಕೆ ಬರುವವರಲ್ಲಿ ಎರಡು ಬಗೆಯವರುಂಟು. ಕಂಪ್ಯೂಟರ್ ಕಂಪೆನಿಗಳಲ್ಲಿ ಪ್ರೋಗ್ರಾಂ ಬರೆಯುವ ತರುಣರು ಕೆಲವರು. ಹೋಟೆಲು, ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲಿ ದುಡಿದು ತಿಂಗಳು ತಿಂಗಳು ಊರಿಗೆ ಹಣ ಕಳಿಸುವವರು ಬಹಳ ಮಂದಿ. ಮೊದಲನೆಯವರಿಗೆ ಇಂಥ ಕೇಂದ್ರವೊಂದನ್ನು ಕಟ್ಟುವ ಕೆಲಸ ಎಂದಾದರೂ ಬರಬಹುದು. ಎರಡನೆಯವರ ಮೊಬೈಲಿಗೆ, ಹಣ ಹಾಕಿರೆಂಬ ಕರೆ ಈಗಾಗಲೇ ಬರುತ್ತಿದೆ. ಕಟ್ಟುವವನು ಯಾವುದನ್ನು ಮೊದಲು ಕಟ್ಟಬೇಕೋ, ಹಣವಿಡುವವನು ಅದನ್ನೇ ಮೊದಲು ವಿಚಾರಿಸಬೇಕು. ಆದುದರಿಂದ ಇಬ್ಬರಿಗೂ ಒಂದೇ ಭಾಷಣ ಸಾಕು. ಕ್ರಿಪ್ಟೋ ನಾಣ್ಯ ಕೊಳ್ಳಿರೆಂದಾಗಲಿ, ಬೇಡವೆಂದಾಗಲಿ ಹೇಳುವುದು ನಮ್ಮ ಉದ್ದೇಶವಲ್ಲ.

ನಮ್ಮ ಬಡಾವಣೆಯ ಉದ್ಯಾನದಲ್ಲಿರುವ ಗೋಪುರ 1968ರ ವ್ಯಾಪಾರ ಮೇಳದ ಕಾಲದ್ದು. ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ನೋಡಲು ಬಂದವರು ಗೋಪುರದ ಎತ್ತರವನ್ನು ನೋಡುತ್ತಾರೆ; ಎಂಜಿನಿಯರಾದವನು ಅಡಿಪಾಯವನ್ನು ವಿಚಾರಿಸುತ್ತಾನೆ. ವಿನಿಮಯ ಕೇಂದ್ರದ ವಿಷಯದಲ್ಲಿಯೂ ಹಾಗೆಯೇ. ಅಂದವಾದ ಪರದೆ, ಕ್ಷಣಕ್ಷಣಕ್ಕೂ ಏರಿಳಿಯುವ ಬೆಲೆಯ ಗೆರೆಗಳು, ನೂರಾರು ಬಗೆಯ ನಾಣ್ಯಗಳು, ಇವೆಲ್ಲ ಗೋಪುರದ ಮೇಲಂತಸ್ತು. ಅಡಿಪಾಯ ಬೇರೆಯೇ ಇದೆ.

ಇಂಥ ಕೇಂದ್ರ ಮಾಡುವ ಕೆಲಸ ಮೂರು. ನಮ್ಮ ರೂಪಾಯಿಯನ್ನು ಬರಮಾಡಿಕೊಳ್ಳುವುದು ಒಂದು. ಕೊಳ್ಳುವವನಿಗೂ ಮಾರುವವನಿಗೂ ಗಂಟುಹಾಕುವುದು ಎರಡು. ಕೊಂಡ ನಾಣ್ಯವನ್ನು ನಮ್ಮ ಪರವಾಗಿ ಕಾಪಾಡುವುದು ಮೂರು. ಕಟ್ಟುವವರ ಗಮನವೆಲ್ಲ ಎರಡನೆಯದರ ಕಡೆಗೆ. ಮುಳುಗಿದ ಕೇಂದ್ರಗಳಾದರೋ ಬಹುಪಾಲು ಮೂರನೆಯದರಲ್ಲಿ ಮುಳುಗಿವೆ. ವಿನಿಮಯ ಕೇಂದ್ರವೆಂಬುದು ಮೊದಲು ಕಾವಲುಗಾರ, ಆಮೇಲೆ ವ್ಯಾಪಾರಿ ಎಂಬುದೇ ನಾವು ಇಂದು ಹೇಳಬೇಕಾದ ಮುಖ್ಯ ಮಾತು.

ಈ ಮಾತು ಮದ್ರಾಸಿಗೆ ಹೊಸದಲ್ಲ. 1906ನೆಯ ಇಸವಿ ಅಕ್ಟೋಬರ್ 22ರಂದು ಇಲ್ಲಿನ ಅರ್ಬತ್‌ನಾಟ್ ಕಂಪೆನಿ ಬಾಗಿಲು ಹಾಕಿತು. ದೊಡ್ಡ ಹೆಸರು, ಬಿಳಿಯರ ಆಡಳಿತ, ಹೆಚ್ಚಿನ ಬಡ್ಡಿ. ಇಷ್ಟನ್ನು ನಂಬಿ ಸಾವಿರಾರು ಮಂದಿ ಅಲ್ಲಿ ಠೇವಣಿ ಇಟ್ಟಿದ್ದರು. ಲಂಡನ್ನಿನಲ್ಲಿದ್ದ ಪಾಲುದಾರನೊಬ್ಬ ಆ ಹಣವನ್ನು ಸಟ್ಟಾ ವ್ಯವಹಾರಕ್ಕೆ ಸುರಿದಿದ್ದ. ಸರ್ ಜಾರ್ಜ್ ಅರ್ಬತ್‌ನಾಟ್ ಜೈಲಿಗೆ ಹೋದದ್ದು ನಿಜ. ಆದರೆ ಅದರಿಂದ ವಿಧವೆಯರ, ಪಿಂಚಣಿದಾರರ ಹಣ ಹಿಂದಕ್ಕೆ ಬರಲಿಲ್ಲ. ಆ ಪೆಟ್ಟಿನಿಂದ ಎಚ್ಚೆತ್ತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕನ್ನು ಆರಂಭಿಸಿದರು. ಯಂತ್ರ ಬದಲಾಗಿದೆ, ನಾಣ್ಯ ಬದಲಾಗಿದೆ. ಪ್ರಶ್ನೆ ಮಾತ್ರ ಅದೇ: ಪೆಟ್ಟಿಗೆ ಯಾರದು, ಬೀಗದ ಕೈ ಯಾರಲ್ಲಿ?

ಈಗ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬೀಗದ ಕೈ. ಕ್ರಿಪ್ಟೋ ನಾಣ್ಯಕ್ಕೆ ರೂಪವಿಲ್ಲ, ತೂಕವಿಲ್ಲ. ಲೋಕದ ನಾನಾ ಕಡೆಯ ಕಂಪ್ಯೂಟರುಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ಪ್ರತಿಗಳಿರುತ್ತವೆ. ಗುಟ್ಟಿನ ಸಂಖ್ಯೆಯೊಂದು ಯಾರ ಕೈಯಲ್ಲಿದೆಯೋ ಅವನು ಆ ಪುಸ್ತಕದಲ್ಲಿ ನಾಣ್ಯವನ್ನು ಇನ್ನೊಬ್ಬರ ಹೆಸರಿಗೆ ಬರೆಸಬಲ್ಲ. ಒಮ್ಮೆ ಬರೆದುದನ್ನು ಅಳಿಸುವ ಅಧಿಕಾರಿ ಯಾರೂ ಇಲ್ಲ. ಆದುದರಿಂದ ಒಳ್ಳೆಯ ಕೇಂದ್ರವು ದಿನದ ವ್ಯವಹಾರಕ್ಕೆ ಬೇಕಾದ ಸ್ವಲ್ಪವನ್ನು ಮಾತ್ರ ಜಾಲಕ್ಕೆ ಸೇರಿದ ಪೆಟ್ಟಿಗೆಯಲ್ಲಿಟ್ಟು, ಉಳಿದುದನ್ನು ಜಾಲದ ಸಂಪರ್ಕವಿಲ್ಲದ ತಿಜೋರಿಯಲ್ಲಿ ಇಡತಕ್ಕದ್ದು. ಆ ತಿಜೋರಿಗೆ ಒಬ್ಬನ ರುಜು ಸಾಲದು. ಬೇರೆ ಬೇರೆ ಸ್ಥಳದಲ್ಲಿರುವ ಹಲವರ ರುಜು ಬೇಕು.

ಅಷ್ಟಿದ್ದರೂ ಸಾಲದೆಂಬುದನ್ನು 2024ರ ಜುಲೈ 18 ತೋರಿಸಿತು. ಅಂದು ನಮ್ಮ ದೇಶದ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿಯ ನಾಣ್ಯ ಕಳವಾಯಿತು. ಆ ಪೆಟ್ಟಿಗೆಗೆ ಆರು ಬೀಗದ ಕೈಗಳಿದ್ದವು: ಐದು ಆ ಸಂಸ್ಥೆಯಲ್ಲಿ, ಒಂದು ಕಾವಲಿಗೆಂದು ಗೊತ್ತುಮಾಡಿದ್ದ ಬೇರೊಂದು ಸಂಸ್ಥೆಯಲ್ಲಿ. ರುಜು ಹಾಕಬೇಕಾದವರೆಲ್ಲ ಹಾಕಿದರು. ಆದರೆ ಪರದೆಯ ಮೇಲೆ ಕಂಡದ್ದು ಒಂದು, ನಿಜವಾಗಿ ರುಜುವಾದದ್ದು ಇನ್ನೊಂದು ಎಂದು ಸಂಸ್ಥೆಯೇ ಹೇಳಿತು. ಉತ್ತರ ಕೊರಿಯದ ಕಳ್ಳರ ಕೈವಾಡವಿದು ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯ ಸರ್ಕಾರಗಳು 2025ರ ಜನವರಿಯಲ್ಲಿ ಸಾರಿದವು. ಮರು ತಿಂಗಳೇ ಬೈಬಿಟ್ ಎಂಬ ವಿದೇಶೀ ಕೇಂದ್ರದಲ್ಲಿ ಇದೇ ಉಪಾಯದಿಂದ ಸುಮಾರು 150 ಕೋಟಿ ಡಾಲರು ಹೋಯಿತು. ಗುಮಾಸ್ತಿಕೆ ಮಾಡಿದವರಿಗೆ ಇದರ ಪಾಠ ಹೇಳಿಕೊಡಬೇಕಾಗಿಲ್ಲ: ಓದದೆ ಓಚರಿಗೆ ರುಜು ಹಾಕಬಾರದು. ಕಟ್ಟುವವರು ಮಾಡಬೇಕಾದುದೂ ಅದನ್ನೇ. ರುಜು ಹಾಕುವ ಪ್ರತಿಯೊಬ್ಬನಿಗೂ ತನ್ನದೇ ಪ್ರತ್ಯೇಕ ಯಂತ್ರದಲ್ಲಿ, ಎಷ್ಟು ಹಣ ಯಾರಿಗೆ ಹೋಗುತ್ತಿದೆ ಎಂಬುದು ನಿಚ್ಚಳವಾಗಿ ಕಾಣಬೇಕು. ದೊಡ್ಡ ಮೊತ್ತ ಹೊರಡುವ ಮುಂಚೆ ಕೆಲವು ಗಂಟೆಗಳ ತಡೆ ಇರಬೇಕು.

ಎರಡನೆಯ ಲಕ್ಷಣ, ಗ್ರಾಹಕರ ಪೆಟ್ಟಿಗೆ ಬೇರೆ, ಮಾಲೀಕರ ಪೆಟ್ಟಿಗೆ ಬೇರೆ. ವಜೀರ್‌ಎಕ್ಸ್‌ನಲ್ಲಿ ಕಳವಾದ ಮೇಲೆ, ನಷ್ಟವನ್ನು ಎಲ್ಲ ಗ್ರಾಹಕರೂ ಹಂಚಿಕೊಳ್ಳಬೇಕೆಂಬ ಯೋಜನೆ ಬಂತು. ಸಿಂಗಪುರದ ನ್ಯಾಯಾಲಯದ ಒಪ್ಪಿಗೆ ಪಡೆದು ನಾಣ್ಯದ ವ್ಯವಹಾರ ಮತ್ತೆ ತೆರೆದದ್ದು 2025ರ ಅಕ್ಟೋಬರ್ 24ರಂದು. ಅದರ ಮಾರನೆಯ ದಿನವೇ ನಮ್ಮ ಚೆನ್ನೈಯ ಮದ್ರಾಸ್ ಹೈಕೋರ್ಟಿನಿಂದ ಒಂದು ತೀರ್ಪು ಬಂತು. ಒಬ್ಬ ಮಹಿಳೆ 2024ರ ಜನವರಿಯಲ್ಲಿ 1,98,516 ರೂಪಾಯಿ ಕೊಟ್ಟು ಎಕ್ಸ್‌ಆರ್‌ಪಿ ಎಂಬ ನಾಣ್ಯ ಕೊಂಡಿದ್ದರು. ಕಳವಾದದ್ದು ಬೇರೆ ಬಗೆಯ ನಾಣ್ಯ. ಆದರೂ ಇವರ ಖಾತೆಯೂ ಸ್ತಂಭಿಸಿತು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಕ್ರಿಪ್ಟೋ ನಾಣ್ಯವೂ ಆಸ್ತಿಯೇ, ಅದನ್ನು ಇನ್ನೊಬ್ಬರ ಪರವಾಗಿ ನ್ಯಾಸವಾಗಿ ಇಟ್ಟುಕೊಳ್ಳಬಹುದು ಎಂದು ಹೇಳಿ, ಮಧ್ಯಸ್ಥಿಕೆಯ ವಿಚಾರಣೆ ಮುಗಿಯುವ ತನಕ ಆಕೆಯ ಹಕ್ಕಿಗೆ 9.56 ಲಕ್ಷ ರೂಪಾಯಿಯ ಭದ್ರತೆ ಇಡಬೇಕೆಂದು ವಿಧಿಸಿದರು. ಸಾಮಾನ್ಯ ಗ್ರಾಹಕನಿಗೆ ಇದು ದೊಡ್ಡ ಮಾತು.

ಇದಕ್ಕೆ ಹೋಲಿಸಿ ಇನ್ನೊಂದು ಪ್ರಸಂಗವನ್ನು ನೋಡಿ. 2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕೇಂದ್ರದಲ್ಲಿ ಸುಮಾರು 4.4 ಕೋಟಿ ಡಾಲರು ಕಳವಾಯಿತು. ಹೋದದ್ದು ಸಂಸ್ಥೆಯ ಸ್ವಂತ ವ್ಯವಹಾರದ ಖಾತೆಯಿಂದ, ಗ್ರಾಹಕರ ನಾಣ್ಯ ಬೇರೆ ಇದೆ, ನಷ್ಟವನ್ನು ನಾವೇ ಭರಿಸುತ್ತೇವೆ ಎಂದು ಸಂಸ್ಥೆ ತಿಳಿಸಿತು. ಕಳ್ಳರು ಎರಡು ಕಡೆಯೂ ಬಂದರು. ಪೆಟ್ಟಿಗೆ ಬೇರೆಯಾಗಿದ್ದ ಕಡೆ ಆ ಪೆಟ್ಟು ಗ್ರಾಹಕನವರೆಗೆ ಬರಲಿಲ್ಲ.

ಮೂರನೆಯದು ಲೆಕ್ಕ. ಕೊಳ್ಳುವ ಮಾರುವ ಬೇಡಿಕೆಗಳನ್ನು ಹೊಂದಿಸುವ ಯಂತ್ರಕ್ಕೆ ಒಂದೇ ನಿಯಮ ಸಾಕು: ಒಳ್ಳೆಯ ಬೆಲೆಗೆ ಮೊದಲ ಸ್ಥಾನ, ಬೆಲೆ ಸಮವಾದರೆ ಮೊದಲು ಬಂದವನಿಗೆ ಮೊದಲ ಸ್ಥಾನ. ಪಡಿತರದ ಸಾಲಿನ ನ್ಯಾಯ ಇದು. ಮಾಲೀಕನ ಬಂಟನಿಗೆ ಹಿಂಬಾಗಿಲು ಇರಕೂಡದು. ಪ್ರತಿ ವ್ಯವಹಾರವೂ ಜಮಾ ಖರ್ಚು ಎರಡೂ ಕಡೆ ಬರೆಯಲ್ಪಟ್ಟು, ಪ್ರತಿದಿನ ತಿಜೋರಿಯ ನಾಣ್ಯದೊಡನೆ ತಾಳೆಯಾಗಬೇಕು. ಟೋಕಿಯೋದ ಮೌಂಟ್ ಗಾಕ್ಸ್ ಕೇಂದ್ರ 2014ರಲ್ಲಿ ಮುಳುಗಿದಾಗ ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯೆಂದು ಹೇಳಿ, ಆಮೇಲೆ ಹಳೆಯ ಪೆಟ್ಟಿಗೆಯೊಂದರಲ್ಲಿ 2,00,000 ಸಿಕ್ಕಿತೆಂದಿತು. ತನ್ನ ಮನೆಯಲ್ಲಿ ಏನಿದೆ ಎಂಬುದು ಅದಕ್ಕೇ ಗೊತ್ತಿರಲಿಲ್ಲ. 2022ರಲ್ಲಿ ಎಫ್‌ಟಿಎಕ್ಸ್ ಎಂಬ ಕೇಂದ್ರ, ಗ್ರಾಹಕರ ಹಣವನ್ನು ಸೋದರ ಸಂಸ್ಥೆಯ ಸಟ್ಟಾಕ್ಕೆ ಕೊಟ್ಟು ಕುಸಿಯಿತು. ಅದರ ಸ್ಥಾಪಕನಿಗೆ 2024ರಲ್ಲಿ 25 ವರ್ಷ ಸೆರೆವಾಸವಾಯಿತು. ಅರ್ಬತ್‌ನಾಟ್ ಕಥೆಯೇ ನೂರು ವರ್ಷದ ಮೇಲೆ ಮರಳಿ ಬಂದಂತಾಯಿತು.

ಇದಕ್ಕೆ ಪರಿಹಾರವಾಗಿ ಈಗ ಮೀಸಲಿನ ರುಜುವಾತು ಎಂಬ ಪದ್ಧತಿ ಬಂದಿದೆ. ಪ್ರತಿಯೊಬ್ಬ ಗ್ರಾಹಕನ ಬಾಕಿಗೂ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಖ್ಯೆ ಮಾಡಿ, ಅವನ್ನು ಎರಡೆರಡಾಗಿ ಸೇರಿಸುತ್ತ ಕೊನೆಗೆ ಒಂದೇ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ತನ್ನ ಬಾಕಿ ಅದರಲ್ಲಿ ಸೇರಿದೆಯೇ ಎಂದು ಗ್ರಾಹಕನೇ ಪರೀಕ್ಷಿಸಬಹುದು. ಆದರೆ ಎಚ್ಚರಿಕೆ: ಆಸ್ತಿಯೊಂದನ್ನೇ ತೋರಿಸಿ ಸಾಲವನ್ನು ಮುಚ್ಚಿಟ್ಟರೆ ಅದು ಅರ್ಧ ಲೆಕ್ಕ. ಒಂದು ದಿನಕ್ಕೆ ನೆರೆಮನೆಯ ಚಿನ್ನ ತಂದು ಮದುವೆಯಲ್ಲಿ ತೊಟ್ಟ ಹಾಗೆ. ಎರಡೂ ಕಡೆಯ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರು ನೋಡಿರಬೇಕು.

ನಾಲ್ಕನೆಯದು ಕಾನೂನಿನ ಕಟ್ಟು. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿರೆಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ, ತುಮಕೂರಿನಲ್ಲಿ ಹುಟ್ಟಿದ ಯುನೋಕಾಯಿನ್ ಸಂಸ್ಥೆ ಬೆಂಗಳೂರಿನ ಮಾಲ್ ಒಂದರಲ್ಲಿ ನಗದು ಯಂತ್ರವನ್ನಿಟ್ಟಿತು. ಪೊಲೀಸರು ಕೆಲವೇ ದಿನಗಳಲ್ಲಿ ಅದನ್ನು ವಶಪಡಿಸಿಕೊಂಡರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈಯಿಂದ ಮಾರಾಟದ ಮೊತ್ತದಲ್ಲಿ ಶೇಕಡಾ 1ರ ಮುಂಗಡ ಕಡಿತ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್ 7ರಿಂದ ಇಂಥ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಗೆ ಒಳಪಟ್ಟು, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಗ್ರಾಹಕನ ಗುರುತು ಪರೀಕ್ಷೆ, ಸಂಶಯದ ವ್ಯವಹಾರದ ವರದಿ, ತೆರಿಗೆಯ ಲೆಕ್ಕ, ಇವನ್ನು ಆಮೇಲೆ ಅಂಟಿಸಲಾಗದು; ಕಟ್ಟಡದೊಡನೆಯೇ ಏಳಬೇಕು. ಆದರೆ ನೋಂದಣಿ ಎಂದರೆ ಸರ್ಕಾರದ ಜಾಮೀನು ಎಂದು ಯಾರೂ ತಿಳಿಯಬಾರದು.

ಐದನೆಯದು ಹೊರಬಾಗಿಲು. ಹಣ ಹಾಕುವ ಬಾಗಿಲು ಎಲ್ಲ ಕಡೆಯೂ ಅಗಲವಾಗಿಯೇ ಇರುತ್ತದೆ. ತೆಗೆಯುವ ಬಾಗಿಲೂ ಅಷ್ಟೇ ಅಗಲವಾಗಿದೆಯೇ ಎಂಬುದೇ ಪರೀಕ್ಷೆ. ಮೋಸಗಾರರ ನಕಲಿ ಕೇಂದ್ರಗಳಲ್ಲಿ ಲಾಭ ಪರದೆಯ ಮೇಲೆ ಬೆಳೆಯುತ್ತಲೇ ಇರುತ್ತದೆ. ತೆಗೆಯಹೋದರೆ, ಮೊದಲು ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎನ್ನುತ್ತಾರೆ. ಹಾಗೆಂದ ಕ್ಷಣವೇ ನಿಲ್ಲಿಸಿ, 1930 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬೇಕು. ಅವಮಾನವೆಂದು ಮುಚ್ಚಿಡುವುದು ಸಲ್ಲದು. ಒಳ್ಳೆಯ ಕೇಂದ್ರ ಕಟ್ಟುವವರು ದೂರು ಕೇಳಲು ಮನುಷ್ಯರನ್ನು ಇಡಬೇಕು. ಆ ಮನುಷ್ಯರು ಕನ್ನಡ, ತಮಿಳು ಬಲ್ಲವರಾಗಿದ್ದರೆ ಇನ್ನೂ ಮೇಲು.

ಈ ಐದೂ ಇದ್ದರೂ ಒಂದು ಕೊರತೆ ಉಳಿಯುತ್ತದೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದ ಮೇಲೆ, 1962ರಿಂದ ನಮ್ಮ ದೇಶದಲ್ಲಿ ಬ್ಯಾಂಕ್ ಠೇವಣಿಗೆ ವಿಮೆ ಬಂತು. ಅಂದು 1,500 ರೂಪಾಯಿಯಷ್ಟಿದ್ದ ರಕ್ಷಣೆ 2020ರಿಂದ 5 ಲಕ್ಷವಾಗಿದೆ. ಕ್ರಿಪ್ಟೋ ಕೇಂದ್ರದಲ್ಲಿಟ್ಟ ಹಣಕ್ಕೆ ಈ ವಿಮೆ ಇಲ್ಲ. ಮಗಳ ಮದುವೆಗೆ, ಊರಿನ ಸಾಲಕ್ಕೆ, ಆಸ್ಪತ್ರೆಯ ಖರ್ಚಿಗೆ ಇಟ್ಟ ಹಣಕ್ಕೆ ಅದು ತಕ್ಕ ಸ್ಥಳವಲ್ಲ ಎಂಬುದನ್ನು ಇಷ್ಟರಿಂದಲೇ ತಿಳಿಯಬಹುದು.

ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ಅವರ ಮನುಷ್ಯ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಪಡೆದು ಲೆಕ್ಕ ಬರೆದುಕೊಡುತ್ತಿದ್ದ. ಬಡವನ ಎರಡಾಣೆಗೂ ಪೂರ್ತಿ ಲೆಕ್ಕವುಂಟು ಎಂಬ ಆ ಮರ್ಯಾದೆಯೇ ಬ್ಯಾಂಕನ್ನು ಬೆಳೆಸಿತು. ನಮ್ಮ ತರುಣರು ನಾಳೆ ಎಂಥ ಹೊಸ ಯಂತ್ರವನ್ನೇ ಕಟ್ಟಲಿ, ಆ ಮರ್ಯಾದೆಯನ್ನು ಅದರೊಳಗೆ ಕಟ್ಟಲಿ. ಉಳಿದ ನಾವು, ಬೀಗದ ಕೈ ಯಾರಲ್ಲಿ, ಪೆಟ್ಟಿಗೆ ಬೇರೆಯೇ, ಲೆಕ್ಕ ನೋಡಿದವರು ಯಾರು, ನೋಂದಣಿ ಇದೆಯೇ, ಹಣ ಹೊರಗೆ ಬರುತ್ತದೆಯೇ ಎಂಬ ಐದು ಪ್ರಶ್ನೆಗಳನ್ನು ಕೇಳದೆ ಒಂದು ರೂಪಾಯಿಯನ್ನೂ ಯಾರ ಕೈಗೂ ಕೊಡದಿರೋಣ.