ಕಾಲೇಜಿನ ತರಗತಿಯಲ್ಲಿ ಕೂಡಿ ಮಾಡುವ ಚಿತ್ರಕಾರ್ಯ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಶುಭೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ, ಕಾಲೇಜಿನಲ್ಲಿ ಚಿತ್ರಕಲೆಯನ್ನು ಕಲಿಸುವ ನನ್ನಂಥವನು ಇಂಥ ಮಹಾಸಭೆಯಲ್ಲಿ ಹೇಳತಕ್ಕುದೇನಿದೆಯೆಂದು ಅಳುಕಿದೆನು. ಆದರೆ ನಿನ್ನೆ ಸಾಯಂಕಾಲ ಇಲ್ಲಿಯ ದಾಸೋಹದ ಅಡಿಗೆಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಾಗ ನನ್ನ ವಿಷಯವು ತಾನಾಗಿಯೇ ದೊರೆಯಿತು. ಒಬ್ಬರು ಅಕ್ಕಿ ತೊಳೆಯುತ್ತಿದ್ದರು, ಒಬ್ಬರು ಒಲೆಗೆ ಸೌದೆ ಒಟ್ಟುತ್ತಿದ್ದರು, ಹತ್ತಾರು ತಾಯಂದಿರು ತರಕಾರಿ ಹೆಚ್ಚುತ್ತಿದ್ದರು. ಹೊರಗಿನಿಂದ ನೋಡುವವನಿಗೆ ಅದು ಗದ್ದಲವಾಗಿ ತೋರಬಹುದು. ಒಳಹೊಕ್ಕು ವಿಚಾರಿಸಿದರೆ, ಎಷ್ಟು ಎಲೆಗೆ ಎಷ್ಟು ಅಕ್ಕಿ, ಯಾವ ಕೊಪ್ಪರಿಗೆ ಯಾವಾಗ ಒಲೆಯಿಂದ ಇಳಿಯಬೇಕು ಎಂಬುದೆಲ್ಲವೂ ಮೊದಲೇ ನಿಶ್ಚಿತವಾಗಿರುವುದು ತಿಳಿಯುತ್ತದೆ. ಅನೇಕರು ಕೂಡಿ ಒಂದು ಚಿತ್ರವನ್ನು ರಚಿಸುವುದೂ ಇಂಥದೇ ಕೆಲಸವು. ಕಾಲೇಜಿನ ತರಗತಿಯಲ್ಲಿ ಇದನ್ನು ಯೋಜಿಸುವ ಬಗೆ ಹೇಗೆ, ಅದರಲ್ಲಿ ಎಡವುವುದೆಲ್ಲಿ ಎಂಬುದನ್ನು ಕುರಿತು ನನಗೆ ತಿಳಿದಷ್ಟನ್ನು ಬಿನ್ನವಿಸುವೆನು.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುವುದು ಧರ್ಮ. ಬಹಳ ವರ್ಷಗಳ ಹಿಂದೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಒಂದು ವಿದ್ಯಾರ್ಥಿನಿಲಯದ ಊಟದ ಸಾಲೆಯ ಗೋಡೆಯು ನಮ್ಮ ತರಗತಿಗೆ ದೊರೆಯಿತು. ವಿದ್ಯಾರ್ಥಿಗಳು ಇಪ್ಪತ್ತು ಮಂದಿ. "ಊರ ಜಾತ್ರೆಯನ್ನು ಎಲ್ಲರೂ ಕೂಡಿ ಬರೆಯಿರಿ" ಎಂದು ಹೇಳಿ, ಬಣ್ಣವನ್ನೂ ಕುಂಚಗಳನ್ನೂ ಕೊಟ್ಟು, ನನ್ನ ಕರ್ತವ್ಯವು ಮುಗಿಯಿತೆಂದು ತಿಳಿದೆನು. ಧೈರ್ಯವುಳ್ಳ ಮೂವರು ಗೋಡೆಯ ನಡುಭಾಗವನ್ನು ಹಿಡಿದರು. ಉಳಿದವರು ಅಂಚಿಗೆ ಸರಿದರು. ತೇರು ಮನುಷ್ಯರಿಗಿಂತ ಚಿಕ್ಕದಾಯಿತು. ದಿನಕ್ಕೊಂದು ಪಾತ್ರೆಯಲ್ಲಿ ಕಲಸಿದ ನೀಲಿಯು ದಿನಕ್ಕೊಂದು ಬಗೆಯಾಗಿ, ಆಕಾಶವು ತೇಪೆ ಹಾಕಿದ ಕೌದಿಯಂತೆ ಕಂಡಿತು. ಪರೀಕ್ಷೆಯ ಕಾಲ ಬಂದಿತು. ಚಿತ್ರವು ಅರ್ಧಕ್ಕೆ ನಿಂತಿತು. ಬೇಸಗೆಯ ರಜೆಯಲ್ಲಿ ಅದರ ಮೇಲೆ ಸುಣ್ಣ ಬಳಿಯಲಾಯಿತು. ಇದಕ್ಕಾಗಿ ನನಗೆ ಅಷ್ಟು ದುಃಖವಿಲ್ಲ. ಆ ತರಗತಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಪ್ರತಿದಿನವೂ ಎಲ್ಲರಿಗಿಂತ ಮುಂಚೆ ಬಂದು ಗೋಡೆ ಒರಸಿ, ಬಣ್ಣ ಅರೆದು, ಸಂಜೆ ಎಲ್ಲರ ಕುಂಚಗಳನ್ನೂ ತೊಳೆದಿಟ್ಟು ಹೋಗುತ್ತಿದ್ದಳು. ಗೋಡೆಯ ಮೇಲೆ ಅವಳ ಕೈಯ ಆಕೃತಿ ಒಂದೂ ಇರಲಿಲ್ಲವಾಗಿ ನಾನು ಅವಳಿಗೆ ಅತಿ ಕಡಮೆ ಅಂಕಗಳನ್ನು ಹಾಕಿದೆನು. ಆಕೆ ನನ್ನ ಬಳಿಗೆ ಬಂದು, "ಗುರುಗಳೇ, ಇದರಲ್ಲಿ ನನ್ನದು ಯಾವುದು?" ಎಂದಷ್ಟೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಅಂಕಪಟ್ಟಿಯನ್ನು ತಿದ್ದುವ ಅವಕಾಶವು ಮತ್ತೆ ನನಗೆ ಒದಗಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನರಸುತ್ತ ನಾನು ಹಿರಿಯರ ಕಾರ್ಯಗಳನ್ನು ನೋಡತೊಡಗಿದೆನು. ಇದರಲ್ಲಿ ನನಗೆ ದಾರಿ ತೋರಿದುದು ವಂಗದೇಶದ ಶಾಂತಿನಿಕೇತನವು. ಅಲ್ಲಿಯ ಕಲಾಭವನವು 1919ರಲ್ಲಿ ಸ್ಥಾಪಿತವಾಯಿತು. ಆಚಾರ್ಯ ನಂದಲಾಲ ಬೋಸರು ಅದಕ್ಕೆ ಬಹುಕಾಲ ಮುಖ್ಯಸ್ಥರಾಗಿದ್ದರು. ಅಲ್ಲಿ ನಡೆದ ಸಮೂಹಕಾರ್ಯಗಳಲ್ಲಿ ಮೂರು ಬಗೆಗಳನ್ನು ನಾನು ಕಾಣುತ್ತೇನೆ.

ಮೊದಲನೆಯದು, ಕಲ್ಪನೆ ಒಬ್ಬರದು, ಕೈಗಳು ಅನೇಕರವು. 1938ರಲ್ಲಿ ಗುಜರಾತದ ಹರಿಪುರ ಗ್ರಾಮದಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿತು. ಹಳ್ಳಿಯ ಜನರು ಕಲೆಯನ್ನು ತಮ್ಮ ಕಣ್ಣೆದುರಿಗೇ ಕಾಣಬೇಕೆಂಬುದು ಮಹಾತ್ಮ ಗಾಂಧಿಯವರ ಅಪೇಕ್ಷೆಯಾಗಿದ್ದಿತು. ಅದಕ್ಕಾಗಿ ನಂದಲಾಲರು ಎಂಬತ್ತಕ್ಕೂ ಮೇಲ್ಪಟ್ಟು ಮೂಲಚಿತ್ರಗಳನ್ನು ಬರೆದರು: ನೂಲುವವಳು, ಬಡಗಿ, ಡೋಲು ಬಡಿಯುವವನು, ಉಳುವವನು, ಕುಸ್ತಿಯ ಜಟ್ಟಿ. ಕೈಕಾಗದವನ್ನು ರಟ್ಟಿಗೆ ಅಂಟಿಸಿ, ಅಗ್ಗದ ಮಣ್ಣುಬಣ್ಣಗಳಿಂದ ಬರೆದ ಸುಮಾರು ಎರಡಡಿಯ ಫಲಕಗಳು ಅವು. ಶಿಷ್ಯರು ಅವನ್ನು ನೋಡಿ ಮತ್ತೆ ಮತ್ತೆ ಬರೆದು ಒಟ್ಟು ಸುಮಾರು ನಾನ್ನೂರು ಫಲಕಗಳನ್ನು ಸಿದ್ಧಪಡಿಸಿದರು. ಕಾಲವು ಸ್ವಲ್ಪ, ಸ್ಥಳವು ವಿಸ್ತಾರ. ಅಲ್ಲಿಗೆ ಈ ಬಗೆಯೇ ತಕ್ಕುದು.

ಎರಡನೆಯದು, ಆಚಾರ್ಯರೊಬ್ಬರು, ಸಹಾಯಕರು ಕೆಲವರು. ವಿನೋದಬಿಹಾರಿ ಮುಖರ್ಜಿಯವರು 1946-47ರಲ್ಲಿ ಅಲ್ಲಿಯ ಹಿಂದೀಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಜೀವನವನ್ನು ಬರೆದರು. ಕೆ. ಜಿ. ಸುಬ್ರಹ್ಮಣ್ಯನ್ ಮೊದಲಾದ ವಿದ್ಯಾರ್ಥಿಗಳು ಅವರಿಗೆ ನೆರವಾದರು. ಹುಟ್ಟಿನಿಂದಲೇ ಮಂದದೃಷ್ಟಿಯವರಾಗಿದ್ದ ಮುಖರ್ಜಿಯವರು ಮುಂದೆ ಸಂಪೂರ್ಣವಾಗಿ ಕುರುಡರಾದರು. ಆ ಮೇಲೆಯೂ ಕಲಾಕಾರ್ಯವನ್ನು ಬಿಡಲಿಲ್ಲ. ಈ ಚಿತ್ರವು ಹಸಿಗಾರೆಯ ಮೇಲೆ ಬರೆದುದು. ಹಸಿಗಾರೆಯ ನಿಯಮವು ಕಠಿನವಾದುದು. ಸುಣ್ಣದ ಗಾರೆಯು ಒದ್ದೆಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾಳಿಯಲ್ಲಿಯ ಇಂಗಾಲಾಮ್ಲ ವಾಯುವನ್ನು ಹೀರಿ ಸುಣ್ಣವು ಕಲ್ಲಾಗುವಾಗ ಬಣ್ಣವು ಅದರಲ್ಲಿ ಸೆರೆಯಾಗುತ್ತದೆ. ಆದುದರಿಂದ ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಾರೆಯನ್ನು ಆ ದಿನ ಹಚ್ಚತಕ್ಕುದು. ಗಾರೆ ಹಚ್ಚುವವನು ತಡಮಾಡಿದರೆ ಬರೆಯುವವನು ಸುಮ್ಮನೆ ನಿಲ್ಲಬೇಕು. ಬರೆಯುವವನು ಆಲಸ್ಯ ಮಾಡಿದರೆ ಗಾರೆಯನ್ನು ಕಿತ್ತು ಮತ್ತೆ ಹಚ್ಚಬೇಕು. ಯಾರ ಕೆಲಸ ಹಿರಿದು, ಯಾರದು ಕಿರಿದು ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ.

ಮೂರನೆಯದು, ಗೋಡೆ ಒಂದೇ, ಭಾಗಗಳು ಬೇರೆ ಬೇರೆ. 1930ರ ದಶಕದಲ್ಲಿ ಅಲ್ಲಿ ವಿದ್ಯಾರ್ಥಿಗಳ ವಾಸಕ್ಕಾಗಿ ಮಣ್ಣಿನ ಒಂದು ಮನೆ ಕಟ್ಟಲ್ಪಟ್ಟಿತು. ಹೊರಗೋಡೆಗಳ ಮೇಲೆ ನಂದಲಾಲರು, ರಾಮಕಿಂಕರ ಬೈಜರು ಮತ್ತು ಶಿಷ್ಯರು ಕೂಡಿ ಮಣ್ಣಿನ ಉಬ್ಬುಚಿತ್ರಗಳನ್ನು ರಚಿಸಿ, ಮಳೆಯಿಂದ ರಕ್ಷಿಸಲು ಡಾಂಬರನ್ನು ಬಳಿದರು. ಅದನ್ನು ಜನರು 'ಕಾಲೋಬಾಡಿ' ಅಥವಾ ಕರಿಯ ಮನೆ ಎಂದು ಕರೆಯುತ್ತಾರೆ. ಅಲ್ಲಿ ಭಾರ್ಹುತದ ಶಿಲ್ಪದ ಛಾಯೆಯೂ ಉಂಟು, ಮಹಾಬಲಿಪುರದ್ದೂ ಉಂಟು, ಈಜಿಪ್ತದ್ದೂ ಉಂಟು. ಆದರೂ ಮಣ್ಣು ಒಂದೇ, ಬಣ್ಣ ಒಂದೇ ಆದುದರಿಂದ ಎಲ್ಲವೂ ಕೂಡಿ ಒಂದೇ ಮನೆಯಾಗಿ ನಿಂತಿವೆ.

ಆದಕಾರಣ ಯೋಜನೆಯ ಮೊದಲ ಹೆಜ್ಜೆಯೆಂದರೆ, ಈ ಮೂರರಲ್ಲಿ ನಮ್ಮದು ಯಾವುದೆಂದು ನಿಶ್ಚಯಿಸುವುದು. ನನ್ನ ತರಗತಿಯು ಕೆಟ್ಟುದು ಇದನ್ನು ನಿಶ್ಚಯಿಸದೆ ಹೋದುದರಿಂದಲೇ.

ಎರಡನೆಯ ಹೆಜ್ಜೆಯು ಕಲ್ಪನೆಯನ್ನು ಕೂಡಿಸುವುದು. ಎಲ್ಲರೂ ಸುತ್ತ ಕುಳಿತು ಮಾತನಾಡಿದರೆ ಹೊಸ ವಿಚಾರಗಳು ಹೆಚ್ಚಾಗಿ ಹುಟ್ಟುವುವೆಂದು ನಾವು ನಂಬಿರುತ್ತೇವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 1958ರಲ್ಲಿ ಪ್ರಕಟವಾದ ಪರೀಕ್ಷೆಯು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿತು. ನಾಲ್ವರು ಕೂಡಿ ಆಲೋಚಿಸುವುದಕ್ಕಿಂತ, ಬೇರೆ ಬೇರೆ ಕುಳಿತು ಆಲೋಚಿಸಿದ ನಾಲ್ವರ ವಿಚಾರಗಳನ್ನು ಒಟ್ಟುಗೂಡಿಸಿದಾಗಲೇ ಸಂಖ್ಯೆಯು ಅಧಿಕವಾಗಿದ್ದಿತು. ಆದುದರಿಂದ ಮೊದಲು ಮೌನವಾಗಿ ಪ್ರತಿಯೊಬ್ಬನೂ ತನ್ನ ಕಿರುಚಿತ್ರವನ್ನು ಬರೆಯಲಿ; ಹೆಸರಿಲ್ಲದೆ ಅವೆಲ್ಲವನ್ನೂ ಗೋಡೆಗೆ ತೂಗುಹಾಕಲಿ; ಆಮೇಲೆ ಚರ್ಚೆಯಾಗಲಿ. ಹೀಗೆ ಮಾಡಿದರೆ ಅಂಜುಬುರುಕನ ಕಲ್ಪನೆಯೂ ಬೆಳಕಿಗೆ ಬರುತ್ತದೆ.

ಮೂರನೆಯದು ಲೆಕ್ಕ. ಗೋಡೆಯು 24 ಅಡಿ ಉದ್ದ, 8 ಅಡಿ ಎತ್ತರವಿದೆಯೆನ್ನಿರಿ. ಅಡಿಗೆ ಒಂದು ಅಂಗುಲದಂತೆ 24 ಅಂಗುಲ ಉದ್ದದ, 8 ಅಂಗುಲ ಎತ್ತರದ ಕಾಗದದ ಮೇಲೆ ಚಿತ್ರವನ್ನು ಮುಗಿಸಿ, ಚೌಕಗಳನ್ನು ಗೀಚಬೇಕು. ಗೋಡೆಯ ಮೇಲೆಯೂ ಅಡಿಗೊಂದರಂತೆ ಚೌಕಗಳನ್ನು ಹಾಕಬೇಕು. ಎರಡರಲ್ಲಿಯೂ 192 ಚೌಕಗಳಾಗುತ್ತವೆ. ಇದರಿಂದ ತೇರು ಮನುಷ್ಯನಿಗಿಂತ ಚಿಕ್ಕದಾಗುವ ಅನರ್ಥವು ತಪ್ಪುತ್ತದೆ. ಆದರೆ ಇಪ್ಪತ್ತನಾಲ್ಕು ಮಂದಿಗೆ ತಲೆಗೆ ಎಂಟು ಚೌಕಗಳಂತೆ ಹಂಚಿಬಿಡಬಾರದು. ಹಾಗೆ ಮಾಡಿದರೆ ಒಂದು ಮುಖವು ಇಬ್ಬರ ಕೈಯಲ್ಲಿ ಸೀಳಿಹೋಗುತ್ತದೆ. ಚೌಕವು ಅಳತೆಗೆ ಮಾತ್ರ. ಹಂಚಿಕೆಯು ಆಕೃತಿಗಳಿಗೆ ಅನುಸಾರವಾಗಿರಬೇಕು. ಮುಖ್ಯ ಬಣ್ಣಗಳನ್ನು ಇಡೀ ಗೋಡೆಗೆ ಬೇಕಾಗುವಷ್ಟು ಒಂದೇ ಸಲ ಕಲಸಿ ಮುಚ್ಚಿಡಬೇಕು. ಇರುವ ಕಾಲದಲ್ಲಿ ಅರ್ಧವನ್ನು ಸಿದ್ಧತೆಗೇ ಮೀಸಲಿಡಬೇಕು. ಕಡೆಯ ವಾರವನ್ನು ಬರಿದಾಗಿ ಬಿಡಬೇಕು. ಅದು ಹೇಗೂ ತುಂಬಿಕೊಳ್ಳುತ್ತದೆ.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ಫ್ರಾನ್ಸ್ ದೇಶದ ರಿಂಗೆಲ್ಮಾನ್ ಎಂಬ ಕೃಷಿ ಇಂಜಿನಿಯರರು 1913ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಒಬ್ಬನೇ ಹಗ್ಗವನ್ನೆಳೆಯುವಾಗ ತೋರುವ ಬಲವನ್ನು ಮನುಷ್ಯನು ಗುಂಪಿನಲ್ಲಿ ತೋರುವುದಿಲ್ಲ. ಎಂಟು ಮಂದಿ ಕೂಡಿ ಎಳೆದಾಗ ತಲೆಗೆ ಬರುವ ಬಲವು ಸುಮಾರು ಅರ್ಧಕ್ಕಿಳಿಯುತ್ತದೆ. ಹಗ್ಗವನ್ನು ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯದಿರುವುದು ಇದಕ್ಕೆ ಒಂದು ಕಾರಣವಾದರೆ, ಇತರರು ಎಳೆಯುತ್ತಿರುವರಲ್ಲಾ ಎಂಬ ಸಡಿಲಿಕೆಯು ಇನ್ನೊಂದು. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟರು. ಗುಂಪಿನಲ್ಲಿದ್ದರೂ ತನ್ನ ಪಾಲಿನ ಕೆಲಸವು ಬೇರೆಯಾಗಿ ಗುರುತಿಸಲ್ಪಡುವುದೆಂದು ತಿಳಿದಾಗ ಮನುಷ್ಯನ ಸಡಿಲಿಕೆಯು ಇಲ್ಲವಾಗುತ್ತದೆ. ಆ ಹೆಣ್ಣುಮಗಳು ಕೇಳಿದುದು ಇದನ್ನೇ ಅಲ್ಲವೇ? ತನ್ನದು ಯಾವುದೆಂದು ಕೇಳುವುದು ಅಹಂಕಾರವಲ್ಲ. ಅದನ್ನು ಕಾಣದಿರುವುದು ಗುರುವಿನ ಕುರುಡುತನ.

ನಮ್ಮ ದೇಶದ ಶಿಲ್ಪಿಗಳು ಹೆಸರನ್ನು ಬಯಸಲಿಲ್ಲವೆಂದು ಕೆಲವರು ಹೇಳುವುದುಂಟು. ಬೇಲೂರಿನ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಸೋಮನಾಥಪುರದ ಗುಡಿಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರು ಹಲವೆಡೆ ಕಾಣುತ್ತದೆ. ನಮ್ಮ ಕಾಲಕ್ಕೆ ಬಂದರೆ, ಭಾರತದ ರಾಜ್ಯಾಂಗದ ಮೂಲಪ್ರತಿಯನ್ನು ನಂದಲಾಲರೂ ಅವರ ಶಿಷ್ಯರೂ ಕೂಡಿ ಅಲಂಕರಿಸಿದರು. ಪೀಠಿಕೆಯ ಪುಟವನ್ನು ರಚಿಸಿದ ಶಿಷ್ಯ ಬ್ಯೋಹಾರ್ ರಾಮಮನೋಹರ ಸಿನ್ಹಾ ಅವರ ಸಹಿಯು ಆ ಪುಟದ ಮೂಲೆಯಲ್ಲಿ ಸಣ್ಣದಾಗಿ ಇದೆ. ಕಾರ್ಯವು ಎಲ್ಲರದಾದರೂ ಮಾಡಿದ ಕೈಯ ಗುರುತು ಅಳಿಯಬೇಕಾಗಿಲ್ಲ.

ಆ ವರ್ಷದ ನಂತರ ನಾನು ನನ್ನ ತರಗತಿಯಲ್ಲಿ ಒಂದು ದಿನಚರಿ ಪುಸ್ತಕವನ್ನು ಇರಿಸಿದೆನು. ಪ್ರತಿದಿನ ಸಂಜೆ ಯಾರು ಏನು ಮಾಡಿದರೆಂಬುದನ್ನು ವಿದ್ಯಾರ್ಥಿಗಳೇ ಸರದಿಯಂತೆ ಬರೆಯುತ್ತಾರೆ. ಬಣ್ಣ ಅರೆದುದೂ, ಏಣಿ ಹಿಡಿದುದೂ, ಕುಂಚ ತೊಳೆದುದೂ ಅದರಲ್ಲಿ ಸೇರುತ್ತವೆ. ಬಣ್ಣ ಅರೆಯುವವರು ವಾರಕ್ಕೊಮ್ಮೆ ಬದಲಾಗುತ್ತಾರೆ. ಅರೆದವರು ಬರೆಯುತ್ತಾರೆ, ಬರೆದವರು ಅರೆಯುತ್ತಾರೆ. ಅಂಕಗಳಲ್ಲಿ ಅರ್ಧವು ಇಡೀ ಚಿತ್ರಕ್ಕೆ, ಎಲ್ಲರಿಗೂ ಸಮನಾಗಿ. ಉಳಿದರ್ಧವು ದಿನಚರಿಯಿಂದ ತಿಳಿಯುವ ಅವರವರ ದುಡಿಮೆಗೆ. ಚಿತ್ರದ ಕೆಳಗೆ ಎಲ್ಲರ ಹೆಸರುಗಳನ್ನೂ ಅಕ್ಷರಮಾಲೆಯ ಕ್ರಮದಲ್ಲಿ ಒಂದೇ ಗಾತ್ರದಲ್ಲಿ ಬರೆಯಿಸುತ್ತೇನೆ. ಇದರಿಂದ ಜಗಳಗಳು ಇಲ್ಲವಾದುವೆಂದು ಹೇಳಲಾರೆನು. ಆದರೆ ನನ್ನದು ಯಾವುದೆಂದು ಕೇಳಿದವರಿಗೆ ಪುಸ್ತಕವನ್ನು ತೆರೆದು ತೋರಿಸಬಲ್ಲೆನು.

ಭಕ್ತಮಹಾಶಯರಲ್ಲಿ ನನ್ನದೊಂದು ಅರಿಕೆ. ನಿಮ್ಮ ಊರಿನ ಕಾಲೇಜಿನ ಮಕ್ಕಳು ಒಂದು ಗೋಡೆಯನ್ನು ಬೇಡಿ ಬಂದರೆ ಇಲ್ಲವೆನ್ನಬೇಡಿರಿ. ಆದರೆ ಅವರ ಯೋಜನೆಯ ಕಾಗದವನ್ನು ಮೊದಲು ಕೇಳಿರಿ. ಚಿತ್ರವು ಮುಗಿದ ಮೇಲೆ ಹೊಗಳುವಾಗ, ತೇರನ್ನು ಬರೆದವನನ್ನು ಮಾತ್ರವಲ್ಲದೆ ಬಣ್ಣ ಅರೆದವರು ಯಾರೆಂಬುದನ್ನೂ ವಿಚಾರಿಸಿರಿ. ಆ ದಿನ ನಾನು ಹಾಗೆ ವಿಚಾರಿಸಿದ್ದರೆ ಒಬ್ಬ ವಿದ್ಯಾರ್ಥಿನಿಯು ತಲೆತಗ್ಗಿಸಿ ಹೋಗುತ್ತಿರಲಿಲ್ಲ.